ಅ.ನ.ಕೃಷ್ಣರಾಯ

ಅರಕಲಗೂಡು ನರಸಿಂಗರಾವ್ ಕೃಷ್ಣರಾಯ (9 ಮೇ 1908 – 8 ಜುಲೈ 1971) ಕನ್ನಡದ ಕಾದಂಬರಿಕಾರರು, ನಾಟಕಕಾರರು, ವಿಮರ್ಶಕರು, ಪತ್ರಿಕಾ ಸಂಪಾದಕರು ಹಾಗೂ ಕನ್ನಡ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು. ಅವರು ಅ.ನ.ಕೃ. ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧರು. ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ರಚಿಸಿದ ಅವರನ್ನು ಓದುಗರು ಕಾದಂಬರಿ ಸಾರ್ವಭೌಮ ಎಂದು ಕರೆದರು. 1940ರ ದಶಕದ ಪ್ರಗತಿಶೀಲ ಸಾಹಿತ್ಯ ಚಳವಳಿಗೆ ನಾಯಕತ್ವ ನೀಡಿದವರೂ ಅವರೇ. 1960ರ ದಶಕದಲ್ಲಿ ಅವರು ಮತ್ತು ಅವರ ಸಂಗಡಿಗರು ಪರಭಾಷಾ ಚಿತ್ರಗಳ ಡಬ್ಬಿಂಗ್ ವಿರುದ್ಧ ನಡೆಸಿದ ಹೋರಾಟವು ಅವರ ನಿಧನದ ನಂತರವೂ ನಾಲ್ಕು ದಶಕಗಳ ಕಾಲ ಕರ್ನಾಟಕದ ಚಿತ್ರಮಂದಿರಗಳಲ್ಲಿ ಮಾತ್ರವಲ್ಲದೆ ಕಿರುತೆರೆಯಲ್ಲಿಯೂ ಅಲಿಖಿತ ನಿಯಮವಾಗಿ ಉಳಿಯಿತು. ಈ ನಿಯಮದ ಕಾರಣದಿಂದಲೇ 2012ರಲ್ಲಿ ಒಂದು ರಾಷ್ಟ್ರೀಯ ವಾಹಿನಿ ಜಾಲವು ಹಲವು ಭಾಷೆಗಳಲ್ಲಿ ಏಕಕಾಲಕ್ಕೆ ಪ್ರಸಾರ ಮಾಡಿದ ಕಾರ್ಯಕ್ರಮವು ಕನ್ನಡದಲ್ಲಿ ಪ್ರಸಾರವಾಗಲಿಲ್ಲ.

ಬಾಲ್ಯ ಮತ್ತು ಆರಂಭದ ದಿನಗಳು

ಕೃಷ್ಣರಾಯರು ಕೋಲಾರದಲ್ಲಿ ಜನಿಸಿದರು. ತಂದೆ ನರಸಿಂಗರಾಯರು, ತಾಯಿ ಅನ್ನಪೂರ್ಣಮ್ಮ. ಮನೆತನದ ಮೂಲ ಊರು ಹಾಸನ ಜಿಲ್ಲೆಯ ಅರಕಲಗೂಡು. ಶಾಲಾ ವಿದ್ಯಾಭ್ಯಾಸಕ್ಕಿಂತ ಓದು, ಸಂಗೀತ, ನಾಟಕ ಮತ್ತು ಚಿತ್ರಕಲೆಗಳ ಕಡೆಗೆ ಅವರ ಒಲವು ಹೆಚ್ಚಾಗಿತ್ತು. ಹದಿಹರೆಯದಲ್ಲಿಯೇ ಬರವಣಿಗೆ ಆರಂಭಿಸಿದ ಅವರ ಮೊದಲ ನಾಟಕ ಮದುವೆಯೋ ಮನೆಹಾಳೋ. ವರದಕ್ಷಿಣೆ, ವಿವಾಹದ ದುಂದುವೆಚ್ಚ ಮೊದಲಾದ ಸಾಮಾಜಿಕ ಪಿಡುಗುಗಳು ಆ ಕಾಲದ ತರುಣ ಬರಹಗಾರರನ್ನು ಕಾಡುತ್ತಿದ್ದ ವಿಷಯಗಳು. ಕೃಷ್ಣರಾಯರ ಮುಂದಿನ ಬರವಣಿಗೆಯೂ ಸಮಾಜದ ಇಂಥ ನೋವುಗಳನ್ನೇ ಬಹುಮಟ್ಟಿಗೆ ಆಧರಿಸಿತು.

ಸರ್ಕಾರಿ ನೌಕರಿಯನ್ನಾಗಲಿ ಅಧ್ಯಾಪಕ ವೃತ್ತಿಯನ್ನಾಗಲಿ ನೆಚ್ಚದೆ ಬರವಣಿಗೆಯಿಂದಲೇ ಸಂಸಾರ ನಡೆಸಲು ನಿರ್ಧರಿಸಿದ ಕನ್ನಡದ ಮೊದಲ ತಲೆಮಾರಿನ ಲೇಖಕರಲ್ಲಿ ಅವರು ಒಬ್ಬರು. ಓದುಗರ ಸಂಖ್ಯೆ ಸೀಮಿತವಾಗಿದ್ದ, ಪ್ರಕಾಶಕರು ನೀಡುತ್ತಿದ್ದ ಸಂಭಾವನೆ ಅಲ್ಪವಾಗಿದ್ದ ಕಾಲದಲ್ಲಿ ಇದು ಸುಲಭದ ನಿರ್ಧಾರವಾಗಿರಲಿಲ್ಲ. ಅವರು ವರ್ಷಕ್ಕೆ ಹಲವು ಪುಸ್ತಕಗಳನ್ನು ಬರೆದುದಕ್ಕೆ ಈ ಆರ್ಥಿಕ ಒತ್ತಡವೂ ಒಂದು ಕಾರಣ. ಕಥಾಂಜಲಿ, ವಿಶ್ವವಾಣಿ ಮೊದಲಾದ ಪತ್ರಿಕೆಗಳಲ್ಲಿ ಅವರು ಸಂಪಾದಕರಾಗಿಯೂ ದುಡಿದರು.

ಸಾಹಿತ್ಯ

ಕೃಷ್ಣರಾಯರ ಮೊದಲ ಕಾದಂಬರಿ ಜೀವನಯಾತ್ರೆ 1934ರಲ್ಲಿ ಪ್ರಕಟವಾಯಿತು. ನಂತರ ಬಂದ ಸಂಧ್ಯಾರಾಗ, ಉದಯರಾಗ ಮತ್ತು ನಟಸಾರ್ವಭೌಮ ಕಾದಂಬರಿಗಳು ಅವರಿಗೆ ವ್ಯಾಪಕ ಜನಪ್ರಿಯತೆ ತಂದುಕೊಟ್ಟವು. ಸಂಧ್ಯಾರಾಗದಲ್ಲಿ ಸಂಗೀತಗಾರನ, ಉದಯರಾಗದಲ್ಲಿ ಚಿತ್ರಕಲಾವಿದನ, ನಟಸಾರ್ವಭೌಮದಲ್ಲಿ ವೃತ್ತಿ ರಂಗಭೂಮಿಯ ನಟನ ಬದುಕು ಚಿತ್ರಿತವಾಗಿದೆ. ಕಲಾವಿದನನ್ನು ಕಥಾನಾಯಕನನ್ನಾಗಿ ಮಾಡಿ, ಅವನ ಸಾಧನೆಯ ಜೊತೆಗೆ ಅವನ ಬಡತನ, ಕೌಟುಂಬಿಕ ಸಂಕಟ ಹಾಗೂ ಸಮಾಜದ ಉದಾಸೀನವನ್ನು ಕಾದಂಬರಿಯ ವಸ್ತುವಾಗಿಸಿದ್ದು ಅವರ ವೈಶಿಷ್ಟ್ಯ. ಸಂಧ್ಯಾರಾಗ 1966ರಲ್ಲಿ ರಾಜಕುಮಾರ್ ನಾಯಕತ್ವದಲ್ಲಿ ಚಲನಚಿತ್ರವಾಯಿತು. ಅದರ ಹಿನ್ನೆಲೆ ಗಾಯನದಲ್ಲಿ ಭೀಮಸೇನ ಜೋಶಿಯವರೂ ಪಾಲ್ಗೊಂಡರು.

ಸಾಮಾಜಿಕ ಕಾದಂಬರಿಗಳಲ್ಲದೆ ವಿಜಯನಗರದ ಇತಿಹಾಸವನ್ನು ಆಧರಿಸಿದ ಕಾದಂಬರಿಗಳ ಸರಣಿಯನ್ನೂ ಅವರು ರಚಿಸಿದರು. ವೀರಶೈವ ಸಾಹಿತ್ಯ ಮತ್ತು ಸಂಸ್ಕೃತಿ ಎಂಬ ಗ್ರಂಥವು ವಚನ ಸಾಹಿತ್ಯದಲ್ಲಿ ಅವರಿಗಿದ್ದ ಆಸಕ್ತಿಯನ್ನು ತೋರಿಸುತ್ತದೆ. ಹೊಸ ಲೇಖಕರ ಕೃತಿಗಳಿಗೆ ಮುನ್ನುಡಿ ಬರೆದು, ಪ್ರಕಾಶಕರಿಗೆ ಪರಿಚಯಿಸಿ, ಅವರನ್ನು ಸಾಹಿತ್ಯ ಕ್ಷೇತ್ರಕ್ಕೆ ತರುವುದರಲ್ಲಿಯೂ ಅವರು ಹೆಸರಾಗಿದ್ದರು.

ಪ್ರಗತಿಶೀಲ ಚಳವಳಿ ಮತ್ತು ವಿವಾದ

1940ರ ದಶಕದಲ್ಲಿ ಕನ್ನಡದಲ್ಲಿ ಆರಂಭವಾದ ಪ್ರಗತಿಶೀಲ ಸಾಹಿತ್ಯ ಚಳವಳಿಗೆ ಅ.ನ.ಕೃ. ನಾಯಕರಾದರು. ತ.ರಾ.ಸುಬ್ಬರಾವ್, ಬಸವರಾಜ ಕಟ್ಟೀಮನಿ, ನಿರಂಜನ, ಚದುರಂಗ ಮೊದಲಾದವರು ಈ ಚಳವಳಿಯ ಪ್ರಮುಖ ಲೇಖಕರು. ಸಾಹಿತ್ಯವು ಪಂಡಿತರ ಸೊತ್ತಾಗದೆ ಜನಸಾಮಾನ್ಯರನ್ನು ತಲುಪಬೇಕು, ಶೋಷಿತರ ಬದುಕನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು ಎಂಬುದು ಇದರ ನಿಲುವಾಗಿತ್ತು.

ಈ ನಿಲುವಿಗೆ ಅನುಗುಣವಾಗಿ ಕೃಷ್ಣರಾಯರು ನಗ್ನಸತ್ಯ, ಶನಿಸಂತಾನ ಮತ್ತು ಸಂಜೆಗತ್ತಲು ಕಾದಂಬರಿಗಳಲ್ಲಿ ವೇಶ್ಯಾ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಈ ಕೃತಿಗಳು ಅಶ್ಲೀಲವೆಂಬ ಟೀಕೆಗೆ ಗುರಿಯಾಗಿ, ಸಾಹಿತ್ಯ ವಲಯದಲ್ಲಿ ದೊಡ್ಡ ವಿವಾದ ಎದ್ದಿತು. ಅವರು ಅದಕ್ಕೆ ಉತ್ತರವಾಗಿ ಸಾಹಿತ್ಯ ಮತ್ತು ಕಾಮಪ್ರಚೋದನೆ ಎಂಬ ಗ್ರಂಥವನ್ನು ಬರೆದು ತಮ್ಮ ವಸ್ತುವಿನ ಆಯ್ಕೆಯನ್ನು ಸಮರ್ಥಿಸಿಕೊಂಡರು. ಜನರು ಏನನ್ನು ಓದಬೇಕೆಂಬುದನ್ನು ಕೆಲವರು ನಿರ್ಧರಿಸುವುದನ್ನು ಅವರು ಈ ಸಂದರ್ಭದಲ್ಲಿ ಒಪ್ಪಲಿಲ್ಲ. ಮುಂದೆ ಅವರ ಹೆಸರಿನೊಡನೆ ಬೆಸೆದುಕೊಂಡ ಡಬ್ಬಿಂಗ್ ನಿರ್ಬಂಧವನ್ನು ಚರ್ಚಿಸುವಾಗ ಈ ಸಂಗತಿಯೂ ಗಮನಾರ್ಹ.

1950 ಮತ್ತು 60ರ ದಶಕಗಳಲ್ಲಿ ನವ್ಯ ಸಾಹಿತ್ಯ ಪ್ರಬಲವಾದಂತೆ ಪ್ರಗತಿಶೀಲರ ಪ್ರಭಾವ ಕಡಿಮೆಯಾಯಿತು. ನವ್ಯದ ಪ್ರಮುಖ ಗದ್ಯ ಲೇಖಕರಲ್ಲಿ ಯು.ಆರ್.ಅನಂತಮೂರ್ತಿ ಮತ್ತು ಪಿ.ಲಂಕೇಶ್ ಇಬ್ಬರೂ ಶಿವಮೊಗ್ಗ ಜಿಲ್ಲೆಯವರು. ವಿಮರ್ಶಕರ ಒಲವು ನವ್ಯದತ್ತ ಹರಿದರೂ ಗ್ರಂಥಾಲಯಗಳಲ್ಲಿ ಅ.ನ.ಕೃ. ಕಾದಂಬರಿಗಳಿಗೆ ಇದ್ದ ಬೇಡಿಕೆ ಮುಂದುವರಿಯಿತು.

ಕನ್ನಡ ಚಳವಳಿ

1 ನವೆಂಬರ್ 1956ರಂದು ಕನ್ನಡ ಭಾಷಿಕ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯ ರೂಪುಗೊಂಡಿತು. ಏಕೀಕರಣದ ಪರವಾಗಿ ನಾಡಿನಾದ್ಯಂತ ಭಾಷಣ ಮಾಡಿದವರಲ್ಲಿ ಕೃಷ್ಣರಾಯರು ಸೇರಿದ್ದರು. ಆದರೆ ರಾಜ್ಯ ರಚನೆಯಾದ ಮೇಲೂ ರಾಜಧಾನಿ ಬೆಂಗಳೂರಿನ ಆಡಳಿತ, ವಾಣಿಜ್ಯ ಮತ್ತು ಮನರಂಜನೆಯಲ್ಲಿ ಕನ್ನಡಕ್ಕೆ ತಕ್ಕ ಸ್ಥಾನ ದೊರೆಯಲಿಲ್ಲ ಎಂಬ ಅಸಮಾಧಾನ ಬೆಳೆಯುತ್ತಿತ್ತು. ನಗರದ ಚಿತ್ರಮಂದಿರಗಳಲ್ಲಿ ತಮಿಳು, ತೆಲುಗು ಮತ್ತು ಹಿಂದಿ ಚಿತ್ರಗಳದೇ ಮೇಲುಗೈಯಾಗಿತ್ತು.

1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಮೋತ್ಸವ ಸಂಗೀತ ಕಚೇರಿಗಳಲ್ಲಿ ಹೊರರಾಜ್ಯದ ಕಲಾವಿದರಿಗೆ ಸಿಗುವ ಪ್ರಾಧಾನ್ಯ ಕನ್ನಡ ಕಲಾವಿದರಿಗೆ ಸಿಗುತ್ತಿಲ್ಲವೆಂದು ಕೃಷ್ಣರಾಯರು ಬಹಿರಂಗವಾಗಿ ಪ್ರತಿಭಟಿಸಿದರು. ಸಂಗೀತಪ್ರಿಯರೂ ಕಲಾವಿದರ ಆಪ್ತರೂ ಆಗಿದ್ದ ಅವರ ಆಕ್ಷೇಪ ಸಂಗೀತದ ಮೇಲಿರದೆ ಸ್ಥಳೀಯ ಕಲಾವಿದರ ಕಡೆಗಣನೆಯ ಮೇಲಿತ್ತು. ಈ ಪ್ರತಿಭಟನೆಯನ್ನು ಬೆಂಗಳೂರಿನ ಸಂಘಟಿತ ಕನ್ನಡ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ. ಕನ್ನಡ ಬಾವುಟದ ರೂವಾರಿ ಮ.ರಾಮಮೂರ್ತಿ ಹಾಗೂ ವಾಟಾಳ್ ನಾಗರಾಜ್ ಈ ಚಳವಳಿಯ ಇತರ ಪ್ರಮುಖರು. ರಾಮಮೂರ್ತಿಯವರು 1967ರಲ್ಲಿ ನಿಧನರಾದರು.

ಡಬ್ಬಿಂಗ್ ವಿರೋಧಿ ಹೋರಾಟ

ಆ ಕಾಲದಲ್ಲಿ ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ಬಂಡವಾಳ, ತಂತ್ರಜ್ಞರು, ಹಂಚಿಕೆದಾರರು ಎಲ್ಲಕ್ಕೂ ಕನ್ನಡ ಚಿತ್ರೋದ್ಯಮ ಹೊರಗಿನವರನ್ನೇ ಅವಲಂಬಿಸಿತ್ತು. ಹೊಸದಾಗಿ ಒಂದು ಕನ್ನಡ ಚಿತ್ರವನ್ನು ನಿರ್ಮಿಸುವ ವೆಚ್ಚದ ಅಲ್ಪ ಭಾಗದಲ್ಲಿ ತೆಲುಗು ಅಥವಾ ತಮಿಳು ಚಿತ್ರವೊಂದಕ್ಕೆ ಕನ್ನಡ ಮಾತು ಜೋಡಿಸಿ ಬಿಡುಗಡೆ ಮಾಡಬಹುದಾಗಿತ್ತು. ಹೀಗಾದರೆ ಕನ್ನಡದ ನಟರು, ಗಾಯಕರು, ಸಂಗೀತಗಾರರು, ತಂತ್ರಜ್ಞರಿಗೆ ಕೆಲಸವಿಲ್ಲದಂತಾಗುತ್ತದೆ ಎಂಬ ಭೀತಿ ಹುಟ್ಟಿತು.

ಉದ್ಯಮದ ಇಕ್ಕಟ್ಟು ಎಷ್ಟಿತ್ತೆಂಬುದಕ್ಕೆ ಒಂದು ನಿದರ್ಶನವೆಂದರೆ, ರಾಜಕುಮಾರ್, ಜಿ.ವಿ.ಅಯ್ಯರ್, ಬಾಲಕೃಷ್ಣ ಮತ್ತು ನರಸಿಂಹರಾಜು ತಾವೇ ಕಲಾವಿದರ ಸಂಘವನ್ನು ಕಟ್ಟಿಕೊಂಡು 1960ರಲ್ಲಿ ರಣಧೀರ ಕಂಠೀರವ ಚಿತ್ರವನ್ನು ನಿರ್ಮಿಸಬೇಕಾಯಿತು. ಅ.ನ.ಕೃ. ಮತ್ತು ಸಂಗಡಿಗರು ಡಬ್ಬಿಂಗ್ ವಿರೋಧಿಸಿ ಸಭೆ, ಮೆರವಣಿಗೆಗಳನ್ನು ನಡೆಸಿದರು. ಚಿತ್ರರಂಗದ ಕಲಾವಿದರೂ ಕೈಜೋಡಿಸಿದ ಪರಿಣಾಮವಾಗಿ 1960ರ ದಶಕದಲ್ಲಿ ಕನ್ನಡಕ್ಕೆ ಡಬ್ಬಿಂಗ್ ಚಿತ್ರಗಳು ಬರುವುದು ನಿಂತುಹೋಯಿತು.

ಇದನ್ನು ಯಾವ ಶಾಸನವೂ ವಿಧಿಸಿರಲಿಲ್ಲ. ನಿರ್ಮಾಪಕರು, ಹಂಚಿಕೆದಾರರು ಮತ್ತು ಪ್ರದರ್ಶಕರು ತಮ್ಮ ತಮ್ಮ ಸಂಘಗಳ ಮೂಲಕ ಪಾಲಿಸಿಕೊಂಡು ಬಂದ ಕಟ್ಟುಪಾಡು ಅದಾಗಿತ್ತು. ಪರಭಾಷಾ ಚಿತ್ರಗಳು ಅವುಗಳ ಮೂಲಭಾಷೆಯಲ್ಲಿ ರಾಜ್ಯದಲ್ಲಿ ಎಂದಿನಂತೆ ಪ್ರದರ್ಶನಗೊಳ್ಳುತ್ತಿದ್ದವು. ಅವು ಕನ್ನಡ ಮಾತನಾಡುವಂತಿರಲಿಲ್ಲ, ಅಷ್ಟೆ. ಅನ್ಯಭಾಷಿಕರು ಕನ್ನಡದಲ್ಲಿ ಮೂಲ ಚಿತ್ರ ನಿರ್ಮಿಸುವುದಕ್ಕೂ ಅಡ್ಡಿಯಿರಲಿಲ್ಲ. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ, 1970ರ ಸಂಸ್ಕಾರ ಚಿತ್ರವನ್ನು ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿಯವರು ತೆಲುಗು ಕವಿ.

ಶಿವಮೊಗ್ಗ ಮತ್ತು ಭದ್ರಾವತಿಯ ಸಂದರ್ಭ

ಭಾಷೆಯ ಪ್ರಶ್ನೆ ಬೆಂಗಳೂರಿಗಷ್ಟೇ ಸೀಮಿತವಾಗಿರಲಿಲ್ಲ. ಭದ್ರಾ ನದಿಯ ದಡದ ಭದ್ರಾವತಿಯು ಹಿಂದೆ ಬೆಂಕಿಪುರವೆಂಬ ಸಣ್ಣ ಊರಾಗಿತ್ತು. ಮೈಸೂರು ಸಂಸ್ಥಾನವು 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭಿಸಿತು. 1923ರಲ್ಲಿ ಉತ್ಪಾದನೆ ಮೊದಲಾಯಿತು. ಸರ್ ಎಂ.ವಿಶ್ವೇಶ್ವರಯ್ಯನವರ ಹೆಸರನ್ನು ಕಾರ್ಖಾನೆಗೆ ಮುಂದೆ ಇಡಲಾಯಿತು. ಬಳಿಕ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಕೆಲಸ ಅರಸಿ ಬಂದ ತಮಿಳು, ತೆಲುಗು ಭಾಷಿಕ ಕುಟುಂಬಗಳು ಕಾರ್ಖಾನೆಯ ವಸತಿಗಳಲ್ಲಿ ಕನ್ನಡ ಮತ್ತು ಉರ್ದು ಭಾಷಿಕರೊಡನೆ ನೆಲೆಸಿದವು. ಇಂಥ ಊರಿನಲ್ಲಿ ಯಾವ ಭಾಷೆಯ ಮನರಂಜನೆ ಯಾರಿಗೆ ಎಂಬುದು ದಿನನಿತ್ಯದ ಸಂಗತಿ.

ಆಕಾಶವಾಣಿಯು 1965ರಲ್ಲಿ ಭದ್ರಾವತಿಯಲ್ಲಿ ಕೇಂದ್ರವನ್ನು ತೆರೆದುದರಿಂದ ಮಲೆನಾಡಿನ ಶ್ರೋತೃಗಳಿಗೆ ತಮ್ಮ ಸೀಮೆಯದೇ ಕನ್ನಡ ಪ್ರಸಾರ ದೊರೆಯಿತು. ನೆರೆಯ ಶಿವಮೊಗ್ಗವು 1943ರಲ್ಲಿ ದ.ರಾ.ಬೇಂದ್ರೆಯವರ ಅಧ್ಯಕ್ಷತೆಯಲ್ಲಿ, 1976ರಲ್ಲಿ ಎಸ್.ವಿ.ರಂಗಣ್ಣನವರ ಅಧ್ಯಕ್ಷತೆಯಲ್ಲಿ ಹಾಗೂ 2006ರಲ್ಲಿ ಕೆ.ಎಸ್.ನಿಸಾರ್ ಅಹಮದ್ ಅವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳಿಗೆ ಆತಿಥ್ಯ ನೀಡಿದ ನಗರ.

ದೂರದರ್ಶನದ ಕಾಲದ ಒಂದು ವೈಚಿತ್ರ್ಯಕ್ಕೂ ಈ ಜಿಲ್ಲೆಯೇ ನಿದರ್ಶನ. ಆರ್.ಕೆ.ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ನಿರ್ದೇಶಿಸಿದ ಮಾಲ್ಗುಡಿ ಡೇಸ್ ಸರಣಿಯ ಚಿತ್ರೀಕರಣ ಬಹುಮಟ್ಟಿಗೆ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ನಡೆಯಿತು. ಅರಸಾಳು ರೈಲು ನಿಲ್ದಾಣವು ಮಾಲ್ಗುಡಿ ನಿಲ್ದಾಣವಾಗಿ ಕಾಣಿಸಿಕೊಂಡಿತು. ಕನ್ನಡದ ಅನೇಕ ನಟರು ಅಭಿನಯಿಸಿದ ಈ ಸರಣಿ 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ಪ್ರಸಾರವಾದದ್ದು ಹಿಂದಿಯಲ್ಲಿ. ಮಲೆನಾಡಿನ ಪ್ರೇಕ್ಷಕರು ತಮ್ಮದೇ ಊರು, ಮಳೆ ಮತ್ತು ಮನೆಗಳನ್ನು ಬೇರೊಂದು ಭಾಷೆಯಲ್ಲಿ ನೋಡಿದರು.

ಕಿರುತೆರೆಗೆ ವಿಸ್ತರಿಸಿದ ನಿರ್ಬಂಧ

ಕೃಷ್ಣರಾಯರು ಹೋರಾಡಿದಾಗ ಕರ್ನಾಟಕದಲ್ಲಿ ದೂರದರ್ಶನವೇ ಇರಲಿಲ್ಲ. 1990ರ ದಶಕದಲ್ಲಿ ಖಾಸಗಿ ಕನ್ನಡ ವಾಹಿನಿಗಳು ಆರಂಭವಾದ ಮೇಲೆ ಚಿತ್ರರಂಗದ ಕಟ್ಟುಪಾಡು ಕಿರುತೆರೆಗೂ ಅನ್ವಯವಾಯಿತು. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತು ಕಿರುತೆರೆ ಕಲಾವಿದರು, ತಂತ್ರಜ್ಞರ ಸಂಘಟನೆಗಳು ಡಬ್ಬಿಂಗ್ ಧಾರಾವಾಹಿಗಳನ್ನು ವಿರೋಧಿಸಿದವು. ಇದರ ಪರಿಣಾಮವಾಗಿ ಕನ್ನಡ ವಾಹಿನಿಗಳು ಇತರ ಭಾಷೆಯ ಜನಪ್ರಿಯ ಧಾರಾವಾಹಿಗಳ ಕಥೆಯನ್ನು ಪಡೆದು, ಸ್ಥಳೀಯ ನಟರೊಡನೆ ಹೊಸದಾಗಿ ಚಿತ್ರೀಕರಿಸುವ ಪದ್ಧತಿಯನ್ನು ಬೆಳೆಸಿಕೊಂಡವು. ಇದರಿಂದ ಕನ್ನಡದ ಕಲಾವಿದರಿಗೆ, ಬರಹಗಾರರಿಗೆ ಮತ್ತು ತಂತ್ರಜ್ಞರಿಗೆ ಕೆಲಸ ದೊರೆಯಿತು.

6 ಮೇ 2012ರಂದು ಸ್ಟಾರ್ ಜಾಲವು ಆಮೀರ್ ಖಾನ್ ನಿರೂಪಣೆಯ ಸತ್ಯಮೇವ ಜಯತೇ ಕಾರ್ಯಕ್ರಮವನ್ನು ಆರಂಭಿಸಿದಾಗ ಈ ನಿರ್ಬಂಧ ರಾಷ್ಟ್ರಮಟ್ಟದ ಗಮನ ಸೆಳೆಯಿತು. ಹೆಣ್ಣು ಭ್ರೂಣಹತ್ಯೆ, ಮಕ್ಕಳ ಮೇಲಿನ ದೌರ್ಜನ್ಯ, ವರದಕ್ಷಿಣೆ ಮೊದಲಾದ ಸಾಮಾಜಿಕ ಸಮಸ್ಯೆಗಳನ್ನು ಚರ್ಚಿಸಿದ ಈ ಕಾರ್ಯಕ್ರಮ ತಮಿಳು, ತೆಲುಗು, ಮಲಯಾಳಂ ಮೊದಲಾದ ಭಾಷೆಗಳಲ್ಲಿ ಡಬ್ ಆಗಿ ಪ್ರಸಾರವಾಯಿತು. ಅದೇ ಜಾಲಕ್ಕೆ ಸೇರಿದ ಸುವರ್ಣ ಎಂಬ ಕನ್ನಡ ವಾಹಿನಿ ಇದ್ದರೂ ಉದ್ಯಮದ ವಿರೋಧದ ಕಾರಣ ಕನ್ನಡ ಅವತರಣಿಕೆ ಅಲ್ಲಿ ಬಿತ್ತರವಾಗಲಿಲ್ಲ. ಇಂಥದೇ ಸಾಮಾಜಿಕ ಪಿಡುಗುಗಳ ವಿರುದ್ಧ ಬರೆಯುತ್ತ ಸಾಹಿತ್ಯಕ್ಕೆ ಬಂದ ಲೇಖಕರು ಮುನ್ನಡೆಸಿದ ಹೋರಾಟದ ಫಲವಾಗಿ ಈ ಕಾರ್ಯಕ್ರಮ ಕನ್ನಡಿಗರಿಗೆ ಕನ್ನಡದಲ್ಲಿ ಸಿಗದೆ ಹೋದುದನ್ನು ಡಬ್ಬಿಂಗ್ ಪರವಾದಿಗಳ ವಾದಕ್ಕೆ ಪುಷ್ಟಿ ನೀಡುವ ಸಂಗತಿಯಾಗಿ ನೋಡಬಹುದು.

ಜಾಲವೊಂದರ ಕಾರ್ಯಕ್ರಮವನ್ನು ಸ್ಥಳೀಯ ಕೇಂದ್ರಗಳು ಪ್ರಸಾರ ಮಾಡದಿರುವುದು ಅನ್ಯದೇಶಗಳಲ್ಲಿಯೂ ಉಂಟು. ಅಮೆರಿಕದಲ್ಲಿ ಸ್ಥಳೀಯ ಕೇಂದ್ರಗಳ ಒಡೆತನ ಬಹುಮಟ್ಟಿಗೆ ಜಾಲದಿಂದ ಬೇರೆಯಾಗಿರುತ್ತದೆ. ಸೆಪ್ಟೆಂಬರ್ 2025ರಲ್ಲಿ ಎಬಿಸಿ ಜಾಲದ ಜಿಮ್ಮಿ ಕಿಮ್ಮೆಲ್ ನಿರೂಪಣೆಯ ತಡರಾತ್ರಿಯ ಕಾರ್ಯಕ್ರಮವನ್ನು ನೆಕ್ಸ್‌ಸ್ಟಾರ್ ಮತ್ತು ಸಿಂಕ್ಲೇರ್ ಸಂಸ್ಥೆಗಳು ನಿರೂಪಕರ ಮಾತುಗಳನ್ನು ಆಕ್ಷೇಪಿಸಿ ತಮ್ಮ ಕೇಂದ್ರಗಳಲ್ಲಿ ಕೆಲಕಾಲ ತಡೆಹಿಡಿದವು. ಅಲ್ಲಿ ತಡೆದವರು ಕೇಂದ್ರಗಳ ಮಾಲೀಕರು, ಕಾರಣ ಕಾರ್ಯಕ್ರಮದ ವಿಷಯ. ಕರ್ನಾಟಕದಲ್ಲಿ ತಡೆದದ್ದು ಉದ್ಯಮದ ಸಂಘಟನೆಗಳು, ಕಾರಣ ಭಾಷೆ ಮತ್ತು ಉದ್ಯೋಗ.

ನಿರ್ಬಂಧದ ಅಂತ್ಯ

ಡಬ್ಬಿಂಗ್ ಬೇಕೆನ್ನುವವರ ವಾದವೂ ಕನ್ನಡದ ಹೆಸರಿನಲ್ಲಿಯೇ ಇತ್ತು. ಜ್ಞಾನ, ವಿಜ್ಞಾನ ಮತ್ತು ಮಕ್ಕಳ ಕಾರ್ಯಕ್ರಮಗಳು ಕನ್ನಡದಲ್ಲಿ ಲಭ್ಯವಾಗದಿದ್ದರೆ ಕನ್ನಡ ಪ್ರೇಕ್ಷಕರು, ಅದರಲ್ಲೂ ಮಕ್ಕಳು, ಪರಭಾಷೆಗಳಿಗೆ ಒಗ್ಗಿಕೊಳ್ಳುತ್ತಾರೆ ಎಂಬುದು ಅವರ ಆತಂಕ. ಕನ್ನಡ ಗ್ರಾಹಕರ ಕೂಟವು 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಸಲ್ಲಿಸಿತು. ಜುಲೈ 2015ರಲ್ಲಿ ಆಯೋಗವು ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ತೀರ್ಮಾನಿಸಿ, ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಸಂಬಂಧಪಟ್ಟ ಸಂಘಟನೆಗಳಿಗೆ ದಂಡ ವಿಧಿಸಿತು.

ಮಾರ್ಚ್ 2017ರಲ್ಲಿ ತಮಿಳು ಚಿತ್ರವೊಂದರ ಕನ್ನಡ ಅವತರಣಿಕೆ ಸತ್ಯದೇವ್ ಐಪಿಎಸ್ ಎಂಬ ಹೆಸರಿನಲ್ಲಿ ವಿರೋಧದ ನಡುವೆಯೇ ತೆರೆಕಂಡಿತು. 2020ರ ಲಾಕ್‌ಡೌನ್ ಅವಧಿಯಲ್ಲಿ ಹೊಸ ಧಾರಾವಾಹಿಗಳ ಚಿತ್ರೀಕರಣ ನಿಂತಾಗ ಸ್ಟಾರ್ ಸುವರ್ಣ ವಾಹಿನಿಯು ಮಹಾಭಾರತ ಧಾರಾವಾಹಿಯನ್ನು ಕನ್ನಡಕ್ಕೆ ಡಬ್ ಮಾಡಿ ಪ್ರಸಾರ ಮಾಡಿತು. ಎಂಟು ವರ್ಷಗಳ ಹಿಂದೆ ಡಬ್ಬಿಂಗ್ ಕಾರ್ಯಕ್ರಮ ಬಿತ್ತರವಾಗದ ವಾಹಿನಿಯಲ್ಲಿಯೇ ಈ ಬದಲಾವಣೆ ಕಂಡುಬಂದಿತು.

ಗೌರವಗಳು ಮತ್ತು ನಿಧನ

ಕೃಷ್ಣರಾಯರು 1960ರಲ್ಲಿ ಮಣಿಪಾಲದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 8 ಜುಲೈ 1971ರಂದು ತಮ್ಮ 63ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಅದಾದ ಎರಡು ವರ್ಷಗಳ ನಂತರ, 1 ನವೆಂಬರ್ 1973ರಂದು. ಬರಹಗಾರನ ಬದುಕು ಅವರ ಆತ್ಮಕಥನ.

ಮೌಲ್ಯಮಾಪನ

ಕನ್ನಡದಲ್ಲಿ ಕಾದಂಬರಿ ಓದುವ ದೊಡ್ಡ ವರ್ಗವನ್ನು ಸೃಷ್ಟಿಸಿದ ಕೀರ್ತಿ ಅ.ನ.ಕೃ. ಅವರಿಗೆ ಸಲ್ಲುತ್ತದೆ. ಬರವಣಿಗೆಯ ವೇಗ ಮತ್ತು ಪ್ರಮಾಣದಿಂದಾಗಿ ಅವರ ಎಲ್ಲ ಕೃತಿಗಳೂ ಒಂದೇ ಮಟ್ಟದಲ್ಲಿಲ್ಲ ಎಂಬ ಟೀಕೆಯಿದೆ. ಅವರ ಡಬ್ಬಿಂಗ್ ವಿರೋಧವನ್ನು ಆ ಕಾಲದ ಹಿನ್ನೆಲೆಯಲ್ಲಿ ನೋಡಬೇಕೆಂಬುದು ಒಂದು ಅಭಿಪ್ರಾಯ: ನೆಲೆಯೂರದ ಉದ್ಯಮವೊಂದಕ್ಕೆ ಆಗ ಅದು ರಕ್ಷಣೆಯಾಗಿತ್ತು, ಕನ್ನಡ ಚಿತ್ರರಂಗ ಮದರಾಸಿನಿಂದ ಬೆಂಗಳೂರಿಗೆ ಬಂದು ಬೇರೂರಲು ನೆರವಾಯಿತು. ಉದ್ಯಮ ಬಲಗೊಂಡ ಮೇಲೂ ಕಟ್ಟುಪಾಡು ಮುಂದುವರಿದುದರಿಂದ ಪ್ರೇಕ್ಷಕರ ಆಯ್ಕೆ ಮೊಟಕಾಯಿತೆಂಬುದು ಮತ್ತೊಂದು ಅಭಿಪ್ರಾಯ. ಎರಡೂ ಪಕ್ಷದವರು ಕನ್ನಡದ ಹಿತವನ್ನೇ ಆಧಾರವಾಗಿಟ್ಟುಕೊಂಡು ವಾದಿಸಿರುವುದು ಈ ಚರ್ಚೆಯ ವಿಶೇಷ.

ಆಯ್ದ ಕೃತಿಗಳು

ಕಾದಂಬರಿಗಳು: ಜೀವನಯಾತ್ರೆ, ಸಂಧ್ಯಾರಾಗ, ಉದಯರಾಗ, ನಟಸಾರ್ವಭೌಮ, ಮಂಗಳಸೂತ್ರ, ನಗ್ನಸತ್ಯ, ಶನಿಸಂತಾನ, ಸಂಜೆಗತ್ತಲು
ನಾಟಕ: ಮದುವೆಯೋ ಮನೆಹಾಳೋ
ವಿಮರ್ಶೆ ಮತ್ತು ಸಂಸ್ಕೃತಿ: ಸಾಹಿತ್ಯ ಮತ್ತು ಕಾಮಪ್ರಚೋದನೆ, ವೀರಶೈವ ಸಾಹಿತ್ಯ ಮತ್ತು ಸಂಸ್ಕೃತಿ
ಆತ್ಮಕಥನ: ಬರಹಗಾರನ ಬದುಕು